ಜಗಳೂರಿನ ಹೂವಿನ ಗೋಡೆ

ಜಗಳೂರು
೧೨ ಜೂನ್ ೧೯೩೮

ಹೊಳೆ ದಂಡೆಯ ಅಪ್ಪಾಜಿಯವರಿಗೆ, ಹೊಳೆ ಕಾಣದ ಊರಿನಿಂದ ಮಗಳು ಭೀಮಕ್ಕ ಮಾಡುವ ನಮಸ್ಕಾರ.

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ನಂಬುವುದಿಲ್ಲವೆಂದು ಗೊತ್ತಿದ್ದೇ ಬರೆದಿದ್ದೇನೆ. ನಿಮ್ಮ ಅಳಿಯಂದಿರು ಕಂಬಳಿ ವ್ಯಾಪಾರಕ್ಕೆಂದು ಸಂತೆಯಿಂದ ಸಂತೆಗೆ ಹೋಗುತ್ತಾರೆ, ಮನೆಗೆ ಬಂದಾಗ ನನ್ನನ್ನು ಕೂರಿಸಿಕೊಂಡು ಅಲ್ಲಿಯ ಸುದ್ದಿಯೆಲ್ಲ ಹೇಳುತ್ತಾರೆ. ಅತ್ತೆ ದುರುಗಮ್ಮನವರ ಬಾಯಿ ಜೋರು. ಆದರೆ ಬಿಸಿ ರೊಟ್ಟಿ ಮೊದಲು ಬೀಳುವುದು ನನ್ನ ತಟ್ಟೆಗೇ.

ಈ ಮನೆಯ ಮುಂದೆ ಬೀದಿಯುದ್ದಕ್ಕೂ ಒಂದು ಮಣ್ಣಿನ ಗೋಡೆ ಇದೆ. ಬೋಳು ಗೋಡೆ. ಅದರ ಬುಡದಲ್ಲಿ ಒಂದು ಹಸಿರು ಕಡ್ಡಿಯೂ ಇಲ್ಲ. ಬಂದ ವಾರದಲ್ಲೇ "ಅತ್ತೀ, ಹೂವಿನ ಗಿಡ ಎಲ್ಲಿ?" ಎಂದು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೂವಿನ ಗಿಡಾನಾ? ಕುಡಿಯಾಕೆ ನೀರು ಹೊತ್ತೂ ಹೊತ್ತೂ ನಮ್ಮ ತಲಿಮೇಲಿನ ಕೂದಲೇ ಉದುರೈತೆ. ಹೂವ ತಂದು ಎಲ್ಲಿ ಮುಡಿಸ್ತೀಯೇ ನಮಗೆ?" ಅಂದರು. ನನಗೂ ನಗು ತಡೆಯಲಾಗಲಿಲ್ಲ.

ಆದರೆ ನಿಮ್ಮ ಮಾತಿಗೆ ಮಾತ್ರ ನಗು ಬರಲಿಲ್ಲ. ನಾನು ಬಸ್ಸು ಹತ್ತುವಾಗ ಎಲ್ಲರೆದುರು ಏನಂದಿರಿ? "ನೀರಿಲ್ಲದ ಊರಿಗೆ ಹೊಂಟೀಯ. ಅಲ್ಲಿ ನಿನ್ನ ಕೈಯಾಗೆ ಒಂದು ಹೂವು ಅರಳ್ಲಿ, ಆವತ್ತು ಬರ್ತೀನಿ ನಿನ್ನ ಮನೆಗೆ. ಅಲ್ಲೀತನಕ ಆ ಊರಿನ ದಾರಿ ತುಳಿಯಲ್ಲ." ನ್ಯಾಮತಿಯ ಸೋದರತ್ತೆ ಮಗನನ್ನು ಒಲ್ಲೆ ಅಂದವಳು ನಾನು. ಇವರನ್ನು ಆಗಲಿ ಅಂದವಳೂ ನಾನೇ. ನಿಮ್ಮ ಸಿಟ್ಟು ಅದಕ್ಕೆ, ನೀರು ಬರಿಯ ನೆಪ.

ಇರಲಿ. ನೀವು ಆಡಿದ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡಿದ್ದೇನೆ. ನಿಮ್ಮ ತೋಟದ ಎಲ್ಲ ಗಿಡದ್ದೂ ಒಂದೊಂದು ಕಡ್ಡಿ ಕಳಿಸಿಕೊಡಿ. ಈ ಗೋಡೆಯನ್ನು ಹೂವಿನಿಂದ ಮುಚ್ಚದಿದ್ದರೆ ನಾನು ನಿಮ್ಮ ಮಗಳೇ ಅಲ್ಲ.

ನಿಮ್ಮ ಹಟಮಾರಿ ಮಗಳು,
ಭೀಮಕ್ಕ


ಹೊನ್ನಾಳಿ
೩ ಜುಲೈ ೧೯೩೮

ಚಿ. ಸೌ. ಭೀಮಕ್ಕಳಿಗೆ ಆಶೀರ್ವಾದ.

ಕಾಗದ ತಲುಪಿತು. ತಂದೆಗೆ 'ನೆಪ' ಎಂದು ಬರೆಯುವ ಧೈರ್ಯ ನಿನಗೆ ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ. ನಿಮ್ಮವ್ವನ ಕಡೆಯಿಂದ ಬಂದಿರಬೇಕು.

ಕಂಡಕ್ಟರ್ ಸಣ್ಣಪ್ಪನ ಕೈಯಲ್ಲಿ ಬುಟ್ಟಿ ಕಳಿಸಿದ್ದೇನೆ, ದಾವಣಗೆರೆಯಲ್ಲಿ ಅವನೇ ಜಗಳೂರು ಬಸ್ಸಿಗೆ ಹಾಕುತ್ತಾನೆ. ಕೆಂಪು ಗುಲಾಬಿ, ದುಂಡುಮಲ್ಲಿಗೆ, ಕನಕಾಂಬರ, ಸೇವಂತಿಗೆ, ಡೇರೆ ಗಡ್ಡೆ, ಫರ್ನ್, ಬಣ್ಣಬಣ್ಣದ ಕ್ರೋಟನ್, ಎಲ್ಲವೂ ಇವೆ. ಮೊನ್ನೆ ಅಮಲ್ದಾರರು ಮೋಟಾರು ನಿಲ್ಲಿಸಿ, ಇಳಿದು, ಬಾಗಿಲ ಮುಂದಿನ ನನ್ನ ಕ್ರೋಟನ್ ಸಾಲನ್ನು ನೋಡಿ ಹೋದರು. "ತೋಟದ ಕಲ್ಲೇಶಪ್ಪ ಅಂದ್ರೆ ನೀವೇನಾ?" ಎಂದು ಕೇಳಿದರು. ಹೌದು ಎಂದೆ. ಅಂಥ ಸಾಲಿನ ಕಡ್ಡಿ ನಿನಗೆ ಬಂದಿದೆ, ಜೋಪಾನ.

ಬುಟ್ಟಿಯ ತಳದಲ್ಲಿ ಮುಳ್ಳಿನದೊಂದು ಕೊಂಬೆ ಇದೆ. ಸೂಳೆಕೆರೆ ನೋಡಲು ಹೋದ ವರ್ಷ ಚನ್ನಗಿರಿಯ ಮುಸಾಫರಿ ಬಂಗಲೆಯ ಕಾಂಪೌಂಡಿನ ಮೇಲೆ ಅದು ಧಗಧಗ ಹೂ ಬಿಟ್ಟಿತ್ತು. ಕಾಗದದ ಹೂವು ಅನ್ನುತ್ತಾರೆ. ಬೇಡಿ ತಂದು ಹಿತ್ತಿಲ ಮೂಲೆಗೆ ಹಾಕಿದೆ. ಕಾಲುವೆ ನೀರು ತಿರುಗಿಸಿ, ಗೊಬ್ಬರ ಹಾಕಿ ಸಾಕಿದೆ. ಎಲೆ ಬಂತು, ಮುಳ್ಳು ಬಂತು, ಹೂವು ಮಾತ್ರ ಇವತ್ತಿಗೂ ಬಂದಿಲ್ಲ. ದಂಡದ ಗಿಡ. ಬೇಲಿಗಾದರೂ ಆದೀತೆಂದು ಕಳಿಸಿದ್ದೇನೆ.

ಒಂದು ಮಾತು ನೆನಪಿಡು. ಗಿಡಕ್ಕೆ ನೀರೇ ತಾಯಿ. ಬೆಳಿಗ್ಗೆ ಹಾಕು, ಸಂಜೆ ಹಾಕು, ಬುಡ ಒಣಗಲು ಬಿಡಬೇಡ.

ನಾನು ಆಡಿದ ಮಾತು ನನಗೂ ನೆನಪಿದೆ. ಹೂವು ಅರಳಲಿ, ನೋಡೋಣ.

ಇತಿ,
ತೋಟದ ಕಲ್ಲೇಶಪ್ಪ


ಜಗಳೂರು
೨೦ ನವೆಂಬರ್ ೧೯೩೮

ಅಪ್ಪಾಜಿ,

ಇಷ್ಟು ದಿನ ಬರೆಯಲಿಲ್ಲವೆಂದು ಅವ್ವ ಬೇಜಾರು ಮಾಡಿಕೊಂಡಿದ್ದಾಳೆಂದು ಸಣ್ಣಪ್ಪ ಹೇಳಿ ಕಳಿಸಿದ. ಬರೆಯಲು ಸುದ್ದಿ ಇರಲಿಲ್ಲ. ಇದ್ದದ್ದು ಬರೆಯುವಂಥ ಸುದ್ದಿಯಾಗಿರಲಿಲ್ಲ.

ಫರ್ನ್ ಹಪ್ಪಳದ ಹಾಗೆ ಪುಡಿಯಾಯಿತು. ಡೇರೆ ಗಡ್ಡೆ ಮೇಲಕ್ಕೆ ಬರಲೇ ಇಲ್ಲ. ಗುಲಾಬಿ ಎರಡೆಲೆ ಬಿಟ್ಟು, ಇಲ್ಲಿಯ ಗಾಳಿಗೆ ಮುಖ ಕೊಟ್ಟು, ಕಪ್ಪಾಯಿತು. ಕನಕಾಂಬರ ಚೆನ್ನಾಗಿಯೇ ಬಂದಿತ್ತು. ಮೊಗ್ಗು ಕಂಡ ದಿನವೇ ಬೀದಿಯಲ್ಲಿ ಹೋಗುತ್ತಿದ್ದ ಕುರಿ ಹಿಂಡು ಒಳಗೆ ನುಗ್ಗಿ ಮೇಯ್ದು ಹೋಯಿತು. ನಾನು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಅತ್ತೆಯವರು ಬಂದು, "ಅಳಬ್ಯಾಡ ಏಳು. ಕುರಿಗಾದ್ರೂ ನಿಮ್ಮಪ್ಪನ ಊರಿನ ರುಚಿ ಸಿಕ್ತಲ್ಲ" ಅಂದರು. ಅಳುವವಳನ್ನು ಹಾಗೆ ನಗಿಸಬಾರದು.

ಕ್ರೋಟನ್ ಕೊನೆಯದಾಗಿ ಹೋಯಿತು. ಅದು ಹೋದದ್ದಕ್ಕೆ ನನಗೆ ಬಹಳ ಸಂಕಟವಾಯಿತು ಅಪ್ಪಾಜಿ.

ಉಳಿದಿರುವುದು ಆ ಮುಳ್ಳಿನದು ಒಂದೇ. ನೀವು ಹೇಳಿದ ಹಾಗೆ ಬೆಳಿಗ್ಗೆ ಸಂಜೆ ನೀರು ಹಾಕುತ್ತೇನೆ. ಮುಖ ತೊಳೆದದ್ದು, ಅಕ್ಕಿ ತೊಳೆದದ್ದು, ಅದೂ ಸಾಲದಿದ್ದರೆ ಬಾವಿಯಿಂದ ಇನ್ನೊಂದು ಕೊಡ. ಗೋಡೆ ಹತ್ತಿ ಎರಡೂ ತುದಿಗೆ ಹಬ್ಬುತ್ತಿದೆ. ಹಚ್ಚಹಸಿರು. ಹೂವು ಮಾತ್ರ ಇಲ್ಲ.

ಇನ್ನೂ ಏನು ಮಾಡಬೇಕೆಂದು ಬರೆಯಿರಿ. ನಾನೇನೂ ಸೋತಿಲ್ಲ.

ಭೀಮಕ್ಕ


ಹೊನ್ನಾಳಿ
೫ ಡಿಸೆಂಬರ್ ೧೯೩೮

ಚಿ. ಸೌ. ಭೀಮಕ್ಕಳಿಗೆ ಆಶೀರ್ವಾದ.

ನಾನು ಮೊದಲೇ ಹೇಳಿದ್ದೆ. ಹೇಳಿದ್ದೆ ಎಂದು ಹೇಳಬಾರದೆಂದು ನಿಮ್ಮವ್ವ ತಾಕೀತು ಮಾಡಿದ್ದಾಳೆ, ಆದರೂ ಹೇಳಿದ್ದೆ.

ಮುಳ್ಳಿನ ಗಿಡಕ್ಕೆ ನೀರು ಸಾಲದು, ಇನ್ನೂ ಹೆಚ್ಚು ಹಾಕು. ಆದರೆ ನೀನು ಎಲ್ಲಿಂದ ಹೊತ್ತು ತರುತ್ತೀಯೋ! ನಿನ್ನ ಮದುವೆಗೆ ಮೊದಲು ಈ ಮನೆಯಲ್ಲಿ ಒಂದು ಕೊಡವನ್ನಾದರೂ ನಿನ್ನ ಸೊಂಟಕ್ಕೆ ಏರಿಸಿದ್ದೆನೇ? ಸಂಕ್ರಾಂತಿಗೆ ಬಂದುಬಿಡು. ಬೇಸಿಗೆ ಕಳೆಯುವವರೆಗೆ ಇಲ್ಲೇ ಇರು. ಬೇಕಾದರೆ ಆಮೇಲೂ ಇರು. ಆ ನೆಲದಲ್ಲಿ ಆಗುವುದಿಲ್ಲ ಎಂದು ಒಪ್ಪಿಕೊಂಡರೆ ಯಾರ ಮಾನವೂ ಹೋಗುವುದಿಲ್ಲ.

ಇತಿ,
ಕಲ್ಲೇಶಪ್ಪ


ಜಗಳೂರು
೬ ಮೇ ೧೯೩೯

ಅಪ್ಪಾಜಿ,

ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ, ನಿಮ್ಮ ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ. ಕೂತುಕೊಳ್ಳಿ, ಈಗ ಬರೆಯುತ್ತೇನೆ.

ಶಿವರಾತ್ರಿ ಹೊತ್ತಿಗೆ ನಮ್ಮ ಬಾವಿ ತಳ ಕಂಡಿತು. ಊರಾಚೆಯ ಬಾವಿಯಲ್ಲಿ ಹೆಂಗಸರ ಸಾಲು. ನಾನು ಒಂದು ಕೊಡ ತಂದು ಅರ್ಧ ಗಿಡಕ್ಕೆ ಸುರಿಯಲು ಹೋದೆ. ಅತ್ತೆಯವರು ಕೈ ಹಿಡಿದರು. ಅವತ್ತು ಅವರ ಬಾಯಲ್ಲಿ ನಗೆಮಾತು ಇರಲಿಲ್ಲ. "ಮನುಷ್ಯರ ಗಂಟಲಿಗೇ ಇಲ್ಲ ಕಣವ್ವ. ಇನ್ನು ಒಂದು ಹನಿ ಆ ಗಿಡಕ್ಕೆ ಹಾಕಿದ್ರೆ ನನ್ನ ಮೇಲಾಣೆ" ಅಂದರು. ಕೊಡವನ್ನು ಒಳಗಿಟ್ಟೆ. ಅವರು ಹೇಳಿದ್ದು ನ್ಯಾಯವಾಗಿತ್ತು.

ಎಲೆ ಬಾಡಿತು. ಆಮೇಲೆ ಉದುರಿತು. ದಿನಾ ಗುಡಿಸಿ ಬಿಸಾಕುತ್ತಿದ್ದೆ. ಕೊನೆಗೆ ಆ ಕಡೆ ನೋಡುವುದನ್ನೇ ಬಿಟ್ಟೆ. ಗಿಡ ಸತ್ತಿತು, ಅಪ್ಪಾಜಿ ಗೆದ್ದರು ಎಂದುಕೊಂಡೆ. ನೀರಿಗೆ ಹೋಗುವಾಗಲೂ ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅತ್ತೆಯವರು ಬೀದಿಯಿಂದ ಕೂಗಿದರು. "ಏ ಭೀಮಕ್ಕಾ! ಬಾರೇ ಇಲ್ಲಿ! ನಿನ್ನ ಗಿಡಕ್ಕೆ ಏನೋ ಆಗೈತೆ!" ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದೆ.

ಅಪ್ಪಾಜಿ, ಗೋಡೆ ಕಾಣಿಸುತ್ತಿರಲಿಲ್ಲ. ಎಲೆ ಇದ್ದ ಕಡೆಯೆಲ್ಲ ಹೂವು. ನೇರಳೆಯೂ ಅಲ್ಲ, ಕೆಂಪೂ ಅಲ್ಲ, ಎರಡೂ ಸೇರಿದ ಒಂದು ಬಣ್ಣ. ಊರೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿರುವ ಈ ದಿನಗಳಲ್ಲಿ ನಮ್ಮ ಮನೆಯೊಂದು ಹೀಗೆ ನಿಂತಿದೆ. ಹಿಟ್ಟಿನ ಕೈಯಲ್ಲೇ ಕೆನ್ನೆ ಹಿಡಿದುಕೊಂಡು ನಿಂತುಬಿಟ್ಟೆ. ಅತ್ತೆಯವರು ಸೆರಗಿನಿಂದ ನನ್ನ ಮುಖದ ಹಿಟ್ಟು ಒರೆಸಿದರು.

ಅವತ್ತಿನಿಂದ ಅವರು ಜಗಲಿ ಬಿಟ್ಟು ಎದ್ದಿಲ್ಲ. ಬಂದವರಿಗೆಲ್ಲ ಹೇಳುವುದೇ ಕೆಲಸ. "ನಮ್ಮ ಸೊಸಿ ಗಿಡ ಐತೆ. ಹೊನ್ನಾಳಿ ಹುಡುಗಿ. ನೋಡ್ರಿ, ಮುಟ್ಟಬ್ಯಾಡ್ರಿ, ಮುಳ್ಳೈತೆ." ಕುರಿಗಳೂ ಮುಳ್ಳಿಗೆ ಹೆದರಿ ಮೂಸಿ ನೋಡಿ ಹೋಗುತ್ತವೆ. ನಿಮ್ಮ ಅಳಿಯಂದಿರು ಸಂತೆಯಿಂದ ಬಂದವರು ಮನೆ ಗುರುತು ಸಿಗದೆ ಮುಂದಕ್ಕೆ ಹೋಗಿ ತಿರುಗಿ ಬಂದರು. ಅದನ್ನು ನಾಲ್ಕು ಜನರ ಮುಂದೆ ಹೇಳಿ ತಾವೇ ನಗುತ್ತಾರೆ.

ಈಗ ನನಗೆ ಅರ್ಥವಾಗಿದೆ. ಆ ಗಿಡಕ್ಕೆ ನೀರು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ನೀವು ಕಾಲುವೆ ತಿರುಗಿಸಿದಿರಿ, ನಾನು ಕೊಡ ಸುರಿದೆ. ಹೊಳೆ ಊರಿನವರು ನಾವು, ಪ್ರೀತಿ ಎಂದರೆ ನೀರು ಎಂದುಕೊಂಡವರು. ನೀರು ಸಿಕ್ಕಷ್ಟೂ ದಿನ ಅದು ಎಲೆ ಬಿಟ್ಟುಕೊಂಡು ಆರಾಮವಾಗಿತ್ತು. ನೀರು ನಿಂತ ಮೇಲೆ ಹೂ ಬಿಟ್ಟಿತು.

ಹೂವು ಅರಳಿದೆ. ಇನ್ನು ಹೊರಡಿ.

ನಿಮ್ಮ ಮಗಳೇ ಹೌದಾದ
ಭೀಮಕ್ಕ


ಹೊನ್ನಾಳಿ
೨೪ ಮೇ ೧೯೩೯

ಚಿ. ಸೌ. ಭೀಮಕ್ಕಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ನೀರು ನಿಲ್ಲಿಸಿದರೆ ಹೂ ಬಿಡುವ ಗಿಡವನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಏನೋ ಕಾಕತಾಳೀಯ ಇರಬೇಕು.

ಇನ್ನೊಂದು. ಹೂವು ಎಂದು ನಾನು ಅಂದದ್ದು ಹೂವನ್ನು. ಅದಕ್ಕೆ ವಾಸನೆ ಇದೆಯೇ? ಹೆಣ್ಣುಮಕ್ಕಳು ಮುಡಿಯುತ್ತಾರೆಯೇ? ದೇವರ ತಲೆಯ ಮೇಲೆ ಇಡಬಹುದೇ? ಇಲ್ಲ. ಹೆಸರೇ ಕಾಗದ. ಮಲ್ಲಿಗೆಯೋ ಗುಲಾಬಿಯೋ ಅರಳಿದ್ದರೆ ಆ ಮಾತು ಬೇರೆ ಇತ್ತು. ಇದನ್ನು ಲೆಕ್ಕಕ್ಕೆ ಹಿಡಿಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ನಿಮ್ಮವ್ವ ಒಳಗಿನಿಂದ ಏನೋ ಕೂಗುತ್ತಿದ್ದಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇತಿ,
ತೋಟದ ಕಲ್ಲೇಶಪ್ಪ


ಜಗಳೂರು
೭ ಜೂನ್ ೧೯೩೯

ತೋಟದ ಕಲ್ಲೇಶಪ್ಪನವರಿಗೆ,

ಕ್ರೋಟನ್‌ಗೆ ವಾಸನೆ ಇದೆಯೇ? ಅವ್ವ ಅದನ್ನು ಮುಡಿದದ್ದನ್ನು ನಾನು ಕಂಡಿಲ್ಲ. ನೀವು ಪೂಜೆಗೆ ಕ್ರೋಟನ್ ಎಲೆ ಏರಿಸಿದ್ದೂ ನೆನಪಿಲ್ಲ. ಆದರೂ ಬಾಗಿಲ ಮುಂದೆ ಸಾಲಾಗಿ ಯಾಕೆ ಸಾಕಿದ್ದೀರಿ? ಅಮಲ್ದಾರರು ಮೋಟಾರು ಇಳಿದು ಬಂದದ್ದು ಯಾಕೆ? ನೋಡುವುದಕ್ಕೆ ತಾನೇ? ನನ್ನ ಗೋಡೆಯೂ ನೋಡುವುದಕ್ಕೇ ಇದೆ. ಊಟ ಬಟ್ಟೆಯ ಚಿಂತೆಯಲ್ಲೇ ತಲೆ ಬಗ್ಗಿಸಿ ನಡೆಯುವ ಊರು ಇದು. ಈ ಬೇಸಿಗೆಯಲ್ಲಿ ಆ ಜನ ನಮ್ಮ ಬೀದಿಯಲ್ಲಿ ತಲೆ ಎತ್ತಿ ನಿಂತು ನೋಡಿದರು. ನನಗೆ ಅಷ್ಟು ಸಾಕು.

ನಿಮ್ಮ ಬುಟ್ಟಿ ಬಂದಾಗ ನಾನು ಇಲ್ಲಿ ಹೊನ್ನಾಳಿಯನ್ನು ನೆಡಲು ಹೊರಟಿದ್ದೆ. ಅದು ನನ್ನ ದಡ್ಡತನ. ಈಗ ಈ ನೆಲವನ್ನು ಕೇಳಿ ಕೇಳಿ ಗಿಡ ಆರಿಸುತ್ತಿದ್ದೇನೆ. ಗೋಡೆಯ ಆಚೆ ಕಣಗಿಲೆ, ಬಾಗಿಲ ಎಡಬಲಕ್ಕೆ ರತ್ನಗಂಧಿ, ಕಲ್ಲು ಜೋಡಿಸಿ ಅದರ ಸಂದಿಯಲ್ಲಿ ನಿತ್ಯಪುಷ್ಪ. ನಿಮ್ಮ ಫರ್ನ್ ಇರಬೇಕಾದ ಮೂಲೆಯಲ್ಲಿ ಕತ್ತಾಳೆ ನಿಲ್ಲಿಸಿದ್ದೇನೆ. ರಾಜನ ಹಾಗೆ ನಿಂತಿದೆ.

ನೀವು ಕೊಟ್ಟ ಮಾತಿನಿಂದ ನಿಮ್ಮನ್ನು ಬಿಡುಗಡೆ ಮಾಡಿದ್ದೇನೆ. ಬರುವುದು ಬೇಡ.

ಇತಿ,
ಕಂಬಳಿ ವ್ಯಾಪಾರದ ತಿಪ್ಪೇರುದ್ರಸ್ವಾಮಿಯವರ ಮನೆಯ ಭೀಮಕ್ಕ


ಹೊನ್ನಾಳಿ
೧೮ ಮಾರ್ಚ್ ೧೯೪೦

ಮಗಳೇ ಭೀಮಕ್ಕ, ನಾನು ನಿಮ್ಮವ್ವ ಚೌಡಮ್ಮ. ಅಂಚೆಯ ಮಹೇಶ್ವರಪ್ಪಾರ ಕೈಯಾಗೆ ಬರೆಸ್ತಾ ಇದೀನಿ. ನಾನು ಹೆಂಗೆ ಹೇಳ್ತೀನೋ ಹಂಗೇ ಬರೀರಿ, ತಿದ್ದಬ್ಯಾಡ್ರಿ ಅಂದೀನಿ.

ನಿಮ್ಮಪ್ಪಾಜಿಗೆ ಗೊತ್ತಿಲ್ಲ ಇದು. ನೀನು ಬರಬ್ಯಾಡ್ರಿ ಅಂತ ಬರೆದ ಕಾಗದ ಐತಲ್ಲ, ಅದನ್ನು ಜೇಬಿನಾಗೆ ಇಟ್ಕೊಂಡೇ ತಿರುಗ್ತಾರೆ. ನನಗೆ ಒಂದು ಸಲ ಓದಿ ಹೇಳಿ, "ನೋಡೇ, ನನ್ನ ಮಗಳು ಹೆಂಗೆ ಬರೀತಾಳೆ, ವಕೀಲನ್ನೂ ಬಾಯಿ ಮುಚ್ಚಿಸಿ ಕೂರಿಸ್ಬಿಡ್ತಾಳೆ" ಅಂದ್ರು. ಸಿಟ್ಟು ಬಂದೈತೆ ಅಂದ್ಕೊಂಡಿದ್ದೆ. ಮುಖ ನೋಡಿದ್ರೆ ಹಬ್ಬ.

ದೀಪಾವಳಿ ಕಳೀತಿದ್ದಂಗೆ ಹಿತ್ತಲ ಮೂಲೆಗೆ ಹೋಗೋ ಕಾಲುವಿಗೆ ಮಣ್ಣು ಹಾಕಿ ಕಟ್ಟಿದ್ರು. ಆ ಮುಳ್ಳಿನ ಗಿಡಕ್ಕೆ ಯಾರೂ ನೀರು ಹಾಕಂಗಿಲ್ಲ ಅಂದ್ರು. ಯಾಕ್ರೀ ಅಂದ್ರೆ, "ಸಾಯ್ಲಿ ಬಿಡು, ನಿನಗ್ಯಾಕೆ" ಅಂತಾರೆ. ಸಾಯೋ ಗಿಡನ ದಿನಾ ಬೆಳಿಗ್ಗೆ ಎದ್ದು ಯಾರಾದ್ರೂ ನೋಡಾಕೆ ಹೋಗ್ತಾರಾ? ಹಲ್ಲುಜ್ಜಾಕೆ ಮುಂಚೆ ಹೋಗ್ತಿದ್ರು.

ಶಿವರಾತ್ರಿ ಆದ್ಮೇಲೆ ಹೂ ಬಿಡ್ತು ಕಣೆ. ಮೈತುಂಬ. ಅದರ ಮುಂದೆ ಕೂತ್ಕೊಂಡ್ಬಿಟ್ರು. ನಾನು ಹೋಗಿ ನಿಂತೆ. "ಹುಡುಗಿ ಹೇಳಿದ್ದು ನಿಜ ಕಣೇ ಚೌಡಿ. ನಾನೇ ಅದನ್ನ ಮುಳುಗಿಸಿ ಇಟ್ಟಿದ್ದೆ" ಅಂದ್ರು. ಆಮೇಲೆ, "ಯಾರಿಗೂ ಹೇಳಬ್ಯಾಡ" ಅಂದ್ರು. ಅದಕ್ಕೇ ನಿನಗೆ ಹೇಳ್ತಾ ಇದೀನಿ.

ನಿನ್ನೆ ಸಣ್ಣಪ್ಪನ್ನ ಕರೆದು, ಜಗಳೂರಿಗೆ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಾರೆ. ಸುಮ್ನೆ ಕೇಳಿದೆ ಅಂತಾರೆ. ನೀನು ಬರಬ್ಯಾಡ ಅಂದ ಮೇಲೆ ತಾವಾಗಿ ಹೆಂಗೆ ಬಂದಾರು? ನೀನೂ ಅವರ ರಕ್ತವೇ, ಗೊತ್ತೈತೆ. ಆದ್ರೂ ಒಂದು ಮಾತು ಬಾ ಅಂತ ಬರಿ. ಚಿಕ್ಕವಳು ನೀನು, ಏನೂ ಕಳಕೊಳ್ಳಲ್ಲ.

ನಿಮ್ಮವ್ವ
(ಮಹೇಶ್ವರಪ್ಪನ ಕೈಬರಹ)


ಜಗಳೂರು
೨೮ ಮಾರ್ಚ್ ೧೯೪೦

ಅಪ್ಪಾಜಿ,

ಈ ವರ್ಷವೂ ಗೋಡೆ ಹೂ ಬಿಟ್ಟಿದೆ. ಹೋದ ವರ್ಷಕ್ಕಿಂತ ಜೋರಾಗಿ. ಬನ್ನಿ.

ಸೋತು ಕರೆಯುತ್ತಿಲ್ಲ. ಗೆದ್ದು ಕರೆಯುತ್ತಿದ್ದೇನೆ. ಗೆದ್ದದ್ದನ್ನು ನಿಮಗೆ ತೋರಿಸದಿದ್ದರೆ ಇನ್ಯಾರಿಗೆ ತೋರಿಸಲಿ?

ಭೀಮಕ್ಕ


ಜಗಳೂರು
೧೪ ಏಪ್ರಿಲ್ ೧೯೪೦

ಸೌಭಾಗ್ಯವತಿ ಚೌಡಮ್ಮಳಿಗೆ,

ಸುಖವಾಗಿ ತಲುಪಿದೆ. ದಾವಣಗೆರೆ ದಾಟಿದ ಮೇಲೆ ದಾರಿಯುದ್ದಕ್ಕೂ ಧೂಳು, ಕಲ್ಲು, ಕುರಿ. ಇಂಥ ಕಡೆಗೆ ಮಗಳನ್ನು ಕೊಟ್ಟೆನಲ್ಲ ಎಂದು ಕಿಟಕಿಯ ಪಕ್ಕ ಕೂತು ನನ್ನನ್ನು ನಾನೇ ಬೈದುಕೊಂಡೆ. ನಿನಗೂ ಹೇಳದ ಮಾತೊಂದನ್ನು ಹೇಳುತ್ತೇನೆ. ಎರಡು ವರ್ಷ ನಾನು ಬರದಿದ್ದದ್ದು ಸಿಟ್ಟಿನಿಂದ ಅಲ್ಲ. ತಲೆಯ ಮೇಲೆ ಕೊಡ ಹೊತ್ತು, ಬಿಸಿಲಿಗೆ ಕಪ್ಪಾಗಿ, ಬಾಯಾರಿ ನಿಂತ ಮಗಳನ್ನು ಕಣ್ಣಾರೆ ನೋಡಬೇಕಾಗುತ್ತದಲ್ಲ ಎಂಬ ಭಯ. ಅದಕ್ಕೆ ಹೂವಿನ ಮಾತು ಅಡ್ಡ ಇಟ್ಟುಕೊಂಡಿದ್ದೆ.

ಬಸ್ಸಿಳಿದು, ಕಂಬಳಿ ವ್ಯಾಪಾರದ ತಿಪ್ಪೇರುದ್ರಸ್ವಾಮಿಯ ಮನೆ ಎಲ್ಲಿ ಎಂದು ಒಬ್ಬನನ್ನು ಕೇಳಿದೆ. "ಹೂವಿನ ಗೋಡೆ ಭೀಮಕ್ಕಾರ ಮನೆಗೇನ್ರಿ? ಬರ್ರಿ ತೋರಿಸ್ತೀನಿ. ನೀವು ಅವರಿಗೆ ಏನಾಗ್ಬೇಕ್ರಿ?" ಅಂದ. "ಅವರಪ್ಪ" ಅಂದೆ. ಅಷ್ಟು ಅಂದದ್ದೇ ತಡ, ನನ್ನ ಕೈಯಿಂದ ಚೀಲ ಕಸಿದುಕೊಂಡು ಬೀದಿಯುದ್ದಕ್ಕೂ, "ಭೀಮಕ್ಕಾರ ಅಪ್ಪಾರು ಬಂದಾರೆ, ಭೀಮಕ್ಕಾರ ಅಪ್ಪಾರು ಬಂದಾರೆ" ಎಂದು ಸಾರುತ್ತಾ ನಡೆದ. ಹೊನ್ನಾಳಿಯಲ್ಲಿ ಎಲ್ಲರೂ ನನ್ನನ್ನು ತೋಟದ ಕಲ್ಲೇಶಪ್ಪ ಅನ್ನುತ್ತಾರೆ, ಅಮಲ್ದಾರರೂ ಅಂದರು. ಅದ್ಯಾವುದೂ ಇಷ್ಟು ಸಿಹಿಯಾಗಿ ಕಿವಿಗೆ ಬಿದ್ದಿರಲಿಲ್ಲ ಚೌಡಿ. ನಾನು ಎದೆ ಉಬ್ಬಿಸಿಕೊಂಡು ಅವನ ಹಿಂದೆ ನಡೆದೆ.

ಗೋಡೆಯನ್ನು ಹೇಗೆ ಬರೆಯಲಿ? ಅವಳು ಬರೆದದ್ದು ಕಡಿಮೆಯಾಯಿತು. ಆಮೇಲೆ ಅವಳ ಅಂಗಳ ನೋಡಿದೆ. ಯಾವ ಗಿಡ ಎಲ್ಲಿರಬೇಕೋ ಅಲ್ಲಿದೆ. ಬಿಸಿಲು ಬೇಕಾದದ್ದು ಬಿಸಿಲಿಗೆ, ಮೋಟು ಗಿಡ ಮುಂದೆ, ಎತ್ತರದ್ದು ಹಿಂದೆ. ಒಂದು ಹನಿ ನೀರು ದಂಡವಾಗುವುದಿಲ್ಲ. ಬೀಗಿತ್ತಿ ದುರುಗಮ್ಮನವರು ನನ್ನನ್ನು ಕೂರಲು ಬಿಡದೆ ಬೀದಿಯೆಲ್ಲ ತಿರುಗಿಸಿದರು. ಮನೆಮನೆಯ ಗೋಡೆಯ ಬುಡದಲ್ಲೂ ನಮ್ಮ ಹುಡುಗಿ ಕೊಟ್ಟ ಕಡ್ಡಿ ಚಿಗುರಿದೆ. "ನೋಡ್ರಿ ಬೀಗ್ರೇ, ಮುಂದಿನ ಬೇಸಿಗೆಗೆ ಬರ್ರಿ, ಇಡೀ ಬೀದಿ ಹಿಂಗೇ ಇರ್ತೈತೆ" ಎಂದು ಬೀಗುತ್ತಾರೆ. ಅವಳು ಕಪ್ಪಾಗಿದ್ದಾಳೆ, ನಿಜ. ಆದರೆ ನಡಿಗೆ ನೋಡಬೇಕು ನೀನು.

ಸಂಜೆ ಜಗಲಿಯ ಮೇಲೆ ಕೂತು ಕೇಳಿದೆ: "ಬಾರವ್ವ ನನ್ನ ಜೊತೆಗೆ, ಬೇಸಿಗೆ ಕಳೆದು ಬರೋವಂತೆ." ಈ ಮಾತು ಕೇಳುವುದಕ್ಕಾಗಿಯೇ ನಾನು ಅಷ್ಟು ದೂರದಿಂದ ಬಂದಿದ್ದೆ. ಅವಳು ನಕ್ಕುಬಿಟ್ಟಳು. "ಹೆಂಗೆ ಬರ್ಲಿ ಅಪ್ಪಾಜಿ? ನಮ್ಮೂರಾಗೆ ಬೇಸಿಗೆಯೇ ಹೂವಿನ ಕಾಲ."

ನಮ್ಮೂರು ಅಂದಳು. ಹೊನ್ನಾಳಿಗಲ್ಲ, ಜಗಳೂರಿಗೆ. ಒಂದು ಗಳಿಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವಳ ಮುಖ ನೋಡಿದೆ. ನಾನು ಈ ಊರಿಗೆ ಕಳಿಸಿದ್ದರಲ್ಲಿ ಬೇರು ಬಿಟ್ಟು ನಿಂತದ್ದು ಕಾಗದದ ಹೂವು ಒಂದೇ ಎಂದುಕೊಂಡಿದ್ದೆ. ಅದಕ್ಕೆ ಮೊದಲೇ ಕಳಿಸಿದ್ದ ಮಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾಡಿದ್ದು ಹೊರಡುತ್ತೇನೆ. ಅವಳ ಅಂಗಳದ ರತ್ನಗಂಧಿ, ಕಣಗಿಲೆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದಾಳೆ. ಇನ್ನೊಬ್ಬರ ತೋಟದ ಗಿಡವನ್ನು ನಾನು ಮುಂಬಾಗಿಲಿಗೆ ಹಾಕಿದವನಲ್ಲ, ಗೊತ್ತಲ್ಲ ನಿನಗೆ. ಆಳಿಗೆ ಹೇಳಿ ಬಾಗಿಲ ಎಡಗಡೆಯ ಕ್ರೋಟನ್‌ಗಳನ್ನು ಕೀಳಿಸಿ ಜಾಗ ಮಾಡಿಸು. ಅಲ್ಲಿಗೆ ನೀರು ಹೋಗದ ಹಾಗೆ ಕಾಲುವೆ ಕಟ್ಟಿಸು.

ಇನ್ನು ಈ ಕಾಗದ ಓದಿ ಹೇಳುವ ಮಹೇಶ್ವರಪ್ಪನವರಿಗೆ ಒಂದು ಮಾತು. ಒಳಗೆ ಕೂತು ಮೆಲ್ಲಗೆ ಓದಬೇಡಿ. ಜಗಲಿಯ ಮೇಲೆ ಕೂತು, ಗಟ್ಟಿಯಾಗಿ, ಬೀದಿಯವರು ನಿಂತು ಕೇಳುವ ಹಾಗೆ ಓದಿ. ನ್ಯಾಮತಿಯಿಂದ ನಮ್ಮಕ್ಕ ಬಂದಿದ್ದರೆ ಮೊದಲಿಂದ ಇನ್ನೊಂದು ಸಲ ಓದಿ.

ಇತಿ,
ಜಗಳೂರು ಭೀಮಕ್ಕನವರ ಅಪ್ಪ,
ಕಲ್ಲೇಶಪ್ಪ